ನಮ್ಮ ಬೀದಿಯ ರಸ್ತೆ, ಹಿಂದಿನ ಲೇಔಟಿನ ನೀರು

ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ ಅಂತ ನಮಗೆ ಗೊತ್ತಾಗಿದ್ದು ಜೆಸಿಬಿ ಬಂದು ನಿಂತ ಮೇಲೆ. ಬೋರ್ಡ್ ಇರಲಿಲ್ಲ. ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರ ಯಾರು, ಯಾವಾಗ ಮುಗಿಯಬೇಕು ಅನ್ನೋದನ್ನು ಬರೆದು ಕೆಲಸದ ಜಾಗದಲ್ಲೇ ನಿಲ್ಲಿಸಬೇಕಾದ ಬೋರ್ಡ್ ಅದು. ಮೇಸ್ತ್ರಿಯನ್ನು ಕೇಳಿದೆ. "ಸಿಸಿ ರೋಡು ಅಕ್ಕ, ಆರಿಂಚು. ಬೇಗ ಮುಗಿಸ್ತೀವಿ, ಗಾಡಿ ಆಚೆ ನಿಲ್ಸ್ಕೊಳ್ಳಿ" ಅಂದ. ಅವನಿಗೆ ಗೊತ್ತಿದ್ದದ್ದೂ ಅಷ್ಟೇ.

ನಮ್ಮದು ಮಹಾನಗರ ಪಾಲಿಕೆ ಇರುವ ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು ಬರೆಯುತ್ತಿಲ್ಲ. ಇಂಥದ್ದು ಎಲ್ಲ ಊರಲ್ಲೂ ನಡೆಯುತ್ತಿದೆ. ಬೀದಿ ಹಳೆಯದು. ಮನೆ ಕಟ್ಟಿದಾಗ ರಸ್ತೆಯಿಂದ ಹೊಸ್ತಿಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು ಅಂತ ಅಮ್ಮ ಹೇಳುತ್ತಾರೆ. ಆಮೇಲೆ ಡಾಂಬರಿನ ಮೇಲೆ ಡಾಂಬರು ಬಿತ್ತು. ಈಗ ನಮ್ಮ ಮನೆಗೆ ಒಂದು ಮೆಟ್ಟಿಲು ಉಳಿದಿದೆ. ಎದುರುಮನೆ ಅಜ್ಜಿಗೆ ಅದೂ ಇಲ್ಲ. ರಸ್ತೆಯಿಂದ ನೇರ ಒಳಗೆ ಕಾಲಿಡಬಹುದು, ನೀರೂ ಹಾಗೇ ಬರಬಹುದು. ಬೀದಿಯ ಕೊನೆಯಲ್ಲಿ ಮೊದಲು ರಾಗಿ ಹೊಲ ಇತ್ತು, ಅದರಾಚೆ ಹಳ್ಳ. ಹೊಲದ ಜಾಗದಲ್ಲಿ ಈಗ ಖಾಸಗಿ ಲೇಔಟ್ ಬಂದಿದೆ.

ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ವೋಚರ್ ಇಲ್ಲದೆ ಒಂದು ರೂಪಾಯಿ ಕೊಟ್ಟರೂ ಆಡಿಟರ್ ಬಿಡುವುದಿಲ್ಲ. ಲಕ್ಷಗಟ್ಟಲೆ ಸಾರ್ವಜನಿಕ ಹಣದ ಕೆಲಸ ಮನೆ ಮುಂದೆ ನಡೆಯುವಾಗ ಅದರ ಕಾಗದ ನೋಡಬೇಕು ಅನ್ನಿಸುವುದು ನನಗೆ ಸಹಜ.

ಮೊದಲು ಹೋಗಬೇಕಾದದ್ದು ಕಾರ್ಪೊರೇಟರ್ ಹತ್ತಿರ. ಆದರೆ ಆ ಹೊತ್ತಿಗೆ ನಮ್ಮ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರು. ಚುನಾವಣೆ ಆಗಿರಲಿಲ್ಲ. ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಕೌನ್ಸಿಲ್ ಇರಲಿಲ್ಲ, ಅಲ್ವಾ. ಇದನ್ನು ಬರೀ ರಾಜಕೀಯ ಅಂದುಕೊಂಡು ಬಿಟ್ಟುಬಿಡುತ್ತೇವೆ. ಬೀದಿಯ ಮಟ್ಟದಲ್ಲಿ ಅದರ ಅರ್ಥ ಇಷ್ಟೇ: ರಸ್ತೆ ಅಗೆಯುವಾಗ ಫೋನ್ ಮಾಡಲು ನಮ್ಮ ಮತ ಬೇಕಾದ ಒಬ್ಬ ಮನುಷ್ಯ ಇರುವುದಿಲ್ಲ.

ವಾರ್ಡ್ ಸಮಿತಿ ಅಂತ ಒಂದಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ ವಾರ್ಡ್ ಸಮಿತಿ ಬೇಕು ಅಂದಿತು. ನಮ್ಮ ರಾಜ್ಯದ ಪಾಲಿಕೆ ಕಾಯ್ದೆ ಪ್ರಕಾರ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ವಾರ್ಡಿನ ಕಾಮಗಾರಿಗಳ ಮೇಲೆ ಕಣ್ಣಿಡಲು ಕಾಯ್ದೆಯೇ ಮಾಡಿಕೊಟ್ಟ ಜಾಗ ಅದು. ನಮ್ಮ ವಾರ್ಡಿನಲ್ಲಿ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು ಅಂತ ಪಾಲಿಕೆಯಲ್ಲಿ ಕೇಳಿದರೆ ಯಾರೂ ಹೇಳಲಿಲ್ಲ.

ಹೀಗಾಗಿ ಟೆಂಡರ್‌ನಿಂದ ಶುರು ಮಾಡಿದೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಯ, ಅಂದರೆ ಸರ್ಕಾರಿ ಖರೀದಿ, ಗುತ್ತಿಗೆಗಳ, ಪಾರದರ್ಶಕತೆಗೆ 1999ರ ಕಾಯ್ದೆ ಇದೆ. ಟೆಂಡರ್ ಪ್ರಕಟಣೆಗಳು ರಾಜ್ಯ ಸರ್ಕಾರದ ಕೆಪಿಪಿಪಿ ಪೋರ್ಟಲ್‌ನಲ್ಲಿ ಸಿಗುತ್ತವೆ. ಆದರೆ ಹುಡುಕುವುದು ಸುಲಭವಲ್ಲ. ನಮ್ಮ ಬೀದಿಯ ಹೆಸರಲ್ಲಿ ಏನೂ ಇರಲಿಲ್ಲ. ವಾರ್ಡ್ ನಂಬರ್ ಹಾಕಿ ನೋಡುತ್ತಾ ಹೋದಾಗ ಒಂದು ಪ್ಯಾಕೇಜ್ ಸಿಕ್ಕಿತು. ಅದರಲ್ಲಿ ಮೂರು ಬೀದಿ, ನಮ್ಮದು ಎರಡನೆಯದು. ಬೀದಿಯ ಗುರುತಿಗೆ "ಇಂಥವರ ಮನೆಯಿಂದ ಇಂಥವರ ಮನೆವರೆಗೆ" ಅಂತ ಬರೆದಿದ್ದರು. ಅದರಲ್ಲಿ ಒಬ್ಬರು ತೀರಿಕೊಂಡು ಬಹಳ ವರ್ಷವಾಗಿದೆ. ಹಳಬರಿಗೆ ಮಾತ್ರ ಅರ್ಥವಾಗುವ ವಿಳಾಸ.

ಆಮೇಲೆ ಎಸ್ಟಿಮೇಟ್ ಬೇಕಿತ್ತು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರಕ್ಕೆ 30 ದಿನ ಅವಕಾಶ ಇದೆ. ಅಷ್ಟರಲ್ಲಿ ಕಾಂಕ್ರೀಟ್ ಬಿದ್ದು ಒಣಗಿರುತ್ತದೆ. ಹಾಗಾಗಿ ಎರಡು ದಾರಿ ಹಿಡಿದೆವು. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅದರ ಜೊತೆಗೇ ಬೀದಿಯವರೆಲ್ಲ ಸಹಿ ಹಾಕಿದ ಒಂದು ಪತ್ರವನ್ನು ಪಾಲಿಕೆಯ ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಹೆಸರಿಗೆ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಈ ಸೀಲನ್ನು ಮಾತ್ರ ಯಾರೂ ಬಿಡಬೇಡಿ. ಬಾಯಲ್ಲಿ ಹೇಳಿದ್ದಕ್ಕೆ ಆಫೀಸಿನಲ್ಲಿ ದಾಖಲೆ ಇರುವುದಿಲ್ಲ. ಆ್ಯಪ್‌ನಲ್ಲಿ ಹಾಕಿದ ದೂರು "ಪರಿಹರಿಸಲಾಗಿದೆ" ಅಂತ ತಾನೇ ಮುಚ್ಚಿಹೋಗುವುದನ್ನು ನಾನು ನೋಡಿದ್ದೇನೆ. ಸೀಲು ಬಿದ್ದ ಕಾಗದಕ್ಕೆ ಯಾರಾದರೂ ಒಬ್ಬರು ಉತ್ತರ ಬರೆಯಲೇಬೇಕು.

ಎಇಇ ಒಳ್ಳೆಯ ಮನುಷ್ಯ. "ಎಸ್ಟಿಮೇಟ್ ನೋಡಿ ಏನ್ ಮಾಡ್ತೀರಾ ಮೇಡಂ? ನಿಮಗೆ ಒಳ್ಳೆ ರಸ್ತೆ ಬಂದ್ರೆ ಸಾಕಲ್ವಾ?" ಅಂದರು. "ಸಾಕು ಸರ್. ಒಳ್ಳೆ ರಸ್ತೆ ಅಂದ್ರೆ ಹೇಗಿರಬೇಕು ಅಂತ ಅದರಲ್ಲೇ ಬರೆದಿರುತ್ತಲ್ಲ, ಅದನ್ನ ನೋಡೋಣ ಅಂತ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೈಲ್ ತರಿಸಿದರು.

ಎಸ್ಟಿಮೇಟ್ ಅಂದರೆ ಹೆದರುವಂಥದ್ದೇನೂ ಇಲ್ಲ. ಬಾಬ್ತು ಬಾಬ್ತಾಗಿ ಬರೆದಿರುತ್ತಾರೆ. ಪ್ರತಿ ಬಾಬ್ತಿಗೂ ಉದ್ದ, ಅಗಲ, ಆಳ, ಅದರ ಗುಣಾಕಾರ, ದರ, ಮೊತ್ತ. ನಮ್ಮ ಬೀದಿಯದು ಹೀಗಿತ್ತು. ಮೊದಲ ಬಾಬ್ತು, ಹಳೆ ರಸ್ತೆ ಅಗೆದು ಮಣ್ಣು, ಡಾಂಬರು ಆಚೆ ಸಾಗಿಸುವುದು: 180 ಮೀಟರ್ ಉದ್ದ, 5 ಮೀಟರ್ ಅಗಲ, 0.30 ಮೀಟರ್ ಆಳ, ಒಟ್ಟು 270 ಘನ ಮೀಟರ್. ಆಮೇಲೆ ಜಿಎಸ್‌ಬಿ, ಅಂದರೆ ಜಲ್ಲಿಯ ತಳಪದರ, 0.15 ಮೀಟರ್. ಅದರ ಮೇಲೆ ಕಾಂಕ್ರೀಟ್ 0.15 ಮೀಟರ್. ಈ ಮೂರು ಸಾಲನ್ನು ಒಟ್ಟಿಗೆ ಓದಿದರೆ ವಿಷಯ ತಾನೇ ತಿಳಿಯುತ್ತದೆ. ಎಷ್ಟು ಅಗೆಯುತ್ತಾರೋ ಅಷ್ಟನ್ನೇ ತುಂಬುತ್ತಾರೆ. ರಸ್ತೆಯ ಮಟ್ಟ ಒಂದು ಬೆರಳೂ ಏರಬಾರದು. ಎಸ್ಟಿಮೇಟ್ ಬರೆದ ಎಂಜಿನಿಯರ್ ನಮ್ಮ ಬೀದಿಯ ಹೊಸ್ತಿಲುಗಳನ್ನು ನೋಡಿಯೇ ಬರೆದಿದ್ದರು. ಆ ಕಾಗದ ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು.

ಮನೆಗೆ ಬಂದರೆ ಬೀದಿಯ ಮೇಲ್ಭಾಗದಲ್ಲಿ ಆಗಲೇ ಕಾಂಕ್ರೀಟ್ ಬಿದ್ದಿತ್ತು. ಅಗೆದಿರಲಿಲ್ಲ. ಜೆಸಿಬಿಯಿಂದ ಬದಿ ಕೆರೆದು, ಹಳೆ ಡಾಂಬರಿನ ಮೇಲೆ ಜಲ್ಲಿಪುಡಿ ಚೆಲ್ಲಿ, ಅದರ ಮೇಲೆ ನೇರವಾಗಿ ಸುರಿದಿದ್ದರು. ಟೈಲರ್ ಅಂಗಡಿಯ ಹೊಸ್ತಿಲು ರಸ್ತೆಗಿಂತ ಕೆಳಗೆ ಹೋಗಿತ್ತು. ಟೈಲರ್ ಅಣ್ಣ ಬಾಗಿಲಲ್ಲಿ ನಿಂತು "ಮಿಷಿನ್ನು ಮಂಚದ ಮೇಲೆ ಇಡಬೇಕು ಇನ್ಮೇಲೆ" ಅಂದ. ಅವನ ಮುಖ ನೋಡಲಾಗಲಿಲ್ಲ.

ಕೆಳಭಾಗಕ್ಕೆ ಮಾರನೇ ದಿನ ಕಾಂಕ್ರೀಟ್ ಹಾಕಲು ಚಾನಲ್ ನಿಲ್ಲಿಸಿದ್ದರು. ಚಾನಲ್ ಅಂದರೆ ರಸ್ತೆಯ ಎರಡೂ ಬದಿಗೆ ಕಟ್ಟುವ ಕಬ್ಬಿಣದ ಪಟ್ಟಿ. ಕಾಂಕ್ರೀಟ್ ಅದರ ಮೇಲಂಚಿನವರೆಗೆ ಬರುತ್ತದೆ. ಅಂದರೆ ನಾಳೆ ರಸ್ತೆ ಎಷ್ಟು ಎತ್ತರ ಬರುತ್ತದೆ ಅಂತ ಇವತ್ತೇ ನೋಡಬಹುದು. ನಮ್ಮ ಬೀದಿಯಲ್ಲೇ ಒಬ್ಬ ಗಾರೆ ಕೆಲಸದವರಿದ್ದಾರೆ. ಅವರು ಮನೆಯಿಂದ ಟ್ಯೂಬ್ ಲೆವೆಲ್ ತಂದರು. ಉದ್ದದ ಪಾರದರ್ಶಕ ಪೈಪು, ಒಳಗೆ ನೀರು. ಒಂದು ತುದಿಯನ್ನು ಅಜ್ಜಿಯ ಬಾಗಿಲ ಚೌಕಟ್ಟಿಗೆ ಹಿಡಿದು, ಇನ್ನೊಂದನ್ನು ಚಾನಲ್ ಹತ್ತಿರ ನಾನು ಹಿಡಿದೆ. ಗುಳ್ಳೆ ಹೋಗುವ ತನಕ ಕಾದು, ನೀರು ನಿಂತ ಮಟ್ಟಕ್ಕೆ ಎರಡೂ ಕಡೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿದೆವು. ಆ ಗೆರೆಯಿಂದ ಹೊಸ್ತಿಲಿಗೆ ಒಂದು ಅಳತೆ, ಚಾನಲ್ ಅಂಚಿಗೆ ಒಂದು ಅಳತೆ. ಚಾನಲ್ ನಾಲ್ಕು ಬೆರಳು ಮೇಲಿತ್ತು. ಅಜ್ಜಿ ಬಗ್ಗಿ ಬಗ್ಗಿ ಆ ಗೆರೆ ನೋಡಿದರು. "ಅಂದ್ರೆ ಮಳೆ ಬಂದ್ರೆ ಮೊದ್ಲು ನನ್ ಮನೆಗೆ, ಆಮೇಲೆ ಚರಂಡಿಗಾ?" ಅಂದರು. ಅಷ್ಟು ಸರಿಯಾಗಿ ಯಾವ ಎಂಜಿನಿಯರೂ ಹೇಳಿರಲಾರರು.

ಅಳತೆಯ ಫೋಟೊ, ಅಗೆಯದೇ ಉಳಿದ ಡಾಂಬರಿನ ಫೋಟೊ ಎರಡನ್ನೂ ಎಇಇಗೆ ಕಳಿಸಿ, ಎಸ್ಟಿಮೇಟಿನ ಮೊದಲ ಬಾಬ್ತು ಕೆಳಭಾಗದಲ್ಲಾದರೂ ಆಗಬೇಕು ಅಂತ ಬರೆದೆ. ಬೆಳಿಗ್ಗೆ ಜೆಇ, ಅಂದರೆ ಜೂನಿಯರ್ ಎಂಜಿನಿಯರ್, ಬಂದರು. ಚಿಕ್ಕ ವಯಸ್ಸಿನ ಹುಡುಗ, ಪಾಪ, ಮೂರು ವಾರ್ಡಿಗೆ ಒಬ್ಬನೇ. ಗುತ್ತಿಗೆದಾರನ ಕಡೆಯವರು ಜೋರು ಮಾಡಿದರು. "ಮಿಕ್ಸರ್ ಲಾರಿ ಹೊರಟುಬಿಟ್ಟಿದೆ ಸರ್, ಮಾಲು ಗಟ್ಟಿ ಆಗುತ್ತೆ" ಅಂದರು. ಬೀದಿಯ ಹೆಂಗಸರು ಚಾನಲ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಯಾರೂ ಕೂಗಾಡಲಿಲ್ಲ. ಎಸ್ಟಿಮೇಟಿನಿಂದ ನಾನು ಬರೆದುಕೊಂಡು ಬಂದಿದ್ದ ಹಾಳೆಯನ್ನು ಜೆಇ ಕೈಗೆ ಕೊಟ್ಟೆ. ಅವರು ಓದಿದರು, ಫೋನ್ ಮಾಡಿದರು, ಕೊನೆಗೆ ಚಾನಲ್ ಬಿಚ್ಚಿಸಿದರು. ಲಾರಿ ಪ್ಯಾಕೇಜಿನ ಬೇರೆ ಬೀದಿಗೆ ಹೋಯಿತು.

ಕೆಳಭಾಗವನ್ನು ಅಗೆದೇ ಮಾಡಿದರು. ಜಿಎಸ್‌ಬಿ ಹಾಕಿ ರೋಲರ್ ಓಡಿಸಿದರು. ಕಾಂಕ್ರೀಟ್ ಮೇಲೆ ಮಣ್ಣಿನ ಚಿಕ್ಕ ಚಿಕ್ಕ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಇದು ಕ್ಯೂರಿಂಗ್. ಎರಡು ವಾರವಾದರೂ ಒದ್ದೆ ಇರಬೇಕು. ನೀರಿನ ಟ್ಯಾಂಕರ್ ಬಾರದ ದಿನ ನಾವೇ ಬಕೆಟ್ ಹಿಡಿದು ತುಂಬಿದೆವು. ನಮ್ಮ ರಸ್ತೆ ಅಲ್ವಾ. ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ ಕ್ಯೂಬ್ ಪರೀಕ್ಷೆಗೆ 150 ಮಿಲಿಮೀಟರ್ ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿಸುವುದನ್ನೂ ಬೀದಿಯ ಹುಡುಗರು ನಿಂತು ನೋಡಿದರು. 7 ದಿನಕ್ಕೆ ಒಂದು, 28 ದಿನಕ್ಕೆ ಒಂದು ಪರೀಕ್ಷೆ. ಅಚ್ಚಿನ ಮೇಲೆ ತಾರೀಖು ಬರೆಯಿರಿ ಅಂತ ಒಬ್ಬ ಹುಡುಗ ಕೇಳಿದ, ಬರೆದರು.

ಇಷ್ಟಾದ ಮೇಲೆ ಮೊದಲ ದೊಡ್ಡ ಮಳೆ ಬಂತು. ಅಜ್ಜಿ ಮನೆಗೆ ರಸ್ತೆಯಿಂದ ನೀರು ಬರಲಿಲ್ಲ. ಚರಂಡಿಯಿಂದ ಬಂತು. ಬೀದಿಯ ಕೊನೆಯಿಂದ ಹಿಮ್ಮುಖವಾಗಿ ಉಕ್ಕಿ ಬಂತು, ಕೆಂಪು ನೀರು. ನಮ್ಮ ಬೀದಿಯಲ್ಲಿ ಕೆಂಪು ಮಣ್ಣು ತೆರೆದು ಬಿದ್ದಿರುವುದು ಒಂದೇ ಕಡೆ, ಲೇಔಟಿನಲ್ಲಿ.

ಕೊಡೆ ಹಿಡಿದು ಹೋಗಿ ನೋಡಿದೆವು. ಲೇಔಟಿನ ಮೂಲೆಯಿಂದ ಒಂದು ದಪ್ಪ ಹ್ಯೂಮ್ ಪೈಪ್, ಅಂದರೆ ಕಾಂಕ್ರೀಟ್ ಕೊಳವೆ, ನಮ್ಮ ಚರಂಡಿಗೆ ಬಾಯಿ ಬಿಟ್ಟಿತ್ತು. ಪೈಪಿನ ಬಾಯಿ ನಮ್ಮ ಚರಂಡಿಗಿಂತ ಅಗಲ. ಒಂದು ಬೀದಿಯ ಪಾತ್ರೆ ತೊಳೆದ ನೀರು, ಮಳೆನೀರು ಹೋಗಲಿ ಅಂತ ಕಟ್ಟಿದ ಚರಂಡಿಗೆ ಮೂರೂಚಿಲ್ಲರೆ ಎಕರೆಯ ನೀರು ಬಿಟ್ಟಿದ್ದರು. ಹೊಲವಾಗಿದ್ದಾಗ ಆ ಮಣ್ಣು ಎಷ್ಟೋ ನೀರು ಕುಡಿಯುತ್ತಿತ್ತು. ಈಗ ಅಲ್ಲಿ ಡಾಂಬರು ರಸ್ತೆ, ಕಲ್ಲಿನ ಬದಿ. ಬಿದ್ದ ಮಳೆಯೆಲ್ಲ ಹರಿದು ಬರುತ್ತದೆ.

ಮೊದಲ ಕೆಲವು ದಿನ ಸಿಟ್ಟೆಲ್ಲ ಲೇಔಟಿನಲ್ಲಿ ಮನೆ ಕಟ್ಟಿದವರ ಮೇಲೆ. ಮಾತುಮಾತಿಗೆ ಜಗಳ. ಆ ಪೈಪಿಗೆ ರಾತ್ರೋರಾತ್ರಿ ಗೋಣಿಚೀಲ ತುರುಕಬೇಕು ಅಂತ ಕೆಲವರು ಹೊರಟಿದ್ದರು. ಹಾಗೆ ಮಾಡಿದ್ದರೆ ಅಲ್ಲಿನ ಮನೆಗಳಿಗೆ ನೀರು ನುಗ್ಗುತ್ತಿತ್ತು. ಅವರಾದರೂ ಸಾಲ ಮಾಡಿ ಸೈಟು ತೆಗೆದುಕೊಂಡವರೇ.

ಲೇಔಟಿನ ಕಾಗದ ನೋಡಲು ಅರ್ಜಿಯೇ ಬೇಕಾಗಲಿಲ್ಲ. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಸೈಟು ಮಾಡಿ ಮಾರುವವರು ನೋಂದಣಿ ಮಾಡಿಸಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿದರೆ ಅನುಮೋದಿತ ನಕ್ಷೆ, ಬಿಲ್ಡರ್ ಕೊಟ್ಟ ದಾಖಲೆಗಳು ತೆರೆದುಕೊಳ್ಳುತ್ತವೆ. ನಕ್ಷೆ ಇಳಿಸಿಕೊಂಡು ದೊಡ್ಡದು ಮಾಡಿ ನೋಡಿದೆವು. ಪೂರ್ವದ ಅಂಚಿನಲ್ಲಿ ಮಳೆನೀರು ಚರಂಡಿ ಇದೆ, ಅದು ಹಳ್ಳಕ್ಕೆ ಹೋಗಿ ಸೇರುತ್ತದೆ. ಸ್ಪಷ್ಟವಾಗಿ ಗೆರೆ ಎಳೆದಿದ್ದಾರೆ. ನಮ್ಮ ಬೀದಿಯ ಕಡೆಗೆ ನಕ್ಷೆಯಲ್ಲಿ ಒಂದು ಪೈಪೂ ಇಲ್ಲ.

ಹಳ್ಳ ಎಲ್ಲಿದೆ ಅಂತ ಜಮೀನಿನ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿದೆವು. ಭೂದಾಖಲೆ ಕಚೇರಿಯಿಂದ ಗ್ರಾಮ ನಕಾಶೆಯ ಪ್ರತಿಯನ್ನೂ ತಂದೆವು. ಹಳ್ಳ ಇದೆ. ಲೇಔಟಿನ ಕಾಂಪೌಂಡಿಗೂ ಹಳ್ಳಕ್ಕೂ ನಡುವೆ ಬೇರೆಯವರ ಜಮೀನಿನ ಒಂದು ಪಟ್ಟಿ. ಅದನ್ನು ದಾಟಿಸಿ ಚರಂಡಿ ಕಟ್ಟಲು ಅವರ ಹತ್ತಿರ ಜಾಗ ಕೊಳ್ಳಬೇಕಿತ್ತು. ಆ ಖರ್ಚು ಉಳಿಸಲು ನೀರನ್ನು ನಮ್ಮ ಕಡೆ ತಿರುಗಿಸಿದ್ದರು.

ನಕ್ಷೆಯ ಪ್ರಿಂಟ್ ಹಿಡಿದುಕೊಂಡು ನಾನು ಮತ್ತು ಟೈಲರ್ ಅಣ್ಣ ಲೇಔಟಿನ ಮನೆಗಳಿಗೆ ಹೋದೆವು. ಮೊದಲ ಮನೆಯವರು ಬಾಗಿಲಲ್ಲೇ "ಮತ್ತೆ ಚರಂಡಿ ಜಗಳನಾ?" ಅಂದರು. ನಕ್ಷೆ ತೋರಿಸಿದ ಮೇಲೆ ಒಳಗೆ ಕರೆದು ಕೂರಿಸಿದರು. ಅವರಿಗೆ ಪೂರ್ವದ ಚರಂಡಿಯ ವಿಷಯವೇ ಗೊತ್ತಿರಲಿಲ್ಲ. ಸೈಟು ತೋರಿಸುವಾಗ ಚಪ್ಪಡಿ ಹಾಕಿದ ಒಂದು ಕಾಲುವೆ ತೋರಿಸಿದ್ದರಂತೆ. ಚಪ್ಪಡಿ ಎತ್ತಿ ನೋಡಿದರೆ ಅದು ಕಾಂಪೌಂಡಿನ ಹತ್ತಿರ ಮಣ್ಣಿನಲ್ಲಿ ಮುಗಿದಿತ್ತು. ಅವರು ಬಾಣಂತಿ ಮಗಳನ್ನು ಅದೇ ಮನೆಯಲ್ಲಿ ಇಟ್ಟುಕೊಂಡಿದ್ದರು, ಸೊಳ್ಳೆ ಯಾಕೆ ಇಷ್ಟು ಅಂತ ಅವತ್ತು ತಿಳಿಯಿತು. ಆ ದಿನದಿಂದ ಎರಡು ಬೀದಿ ಒಂದಾದವು. ಈ ಇಡೀ ಕೆಲಸದಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸಿದ್ದು ಇದು. ಹಳೆ ಬೀದಿಯವರು ಹೊಸಬರನ್ನು ಬೈಯುತ್ತಾ, ಹೊಸಬರು ಹಳಬರನ್ನು ಬೈಯುತ್ತಾ ಇದ್ದಷ್ಟು ದಿನ ತಪ್ಪು ಮಾಡಿದವರನ್ನು ಯಾರೂ ಕೇಳುವುದಿಲ್ಲ.

ಲೇಔಟಿಗೆ ಒಪ್ಪಿಗೆ ಕೊಡುವುದು ಪಾಲಿಕೆಯಲ್ಲ, ಯೋಜನಾ ಪ್ರಾಧಿಕಾರ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅದರ ಆಧಾರ. ರಸ್ತೆ, ಚರಂಡಿ, ದೀಪ, ನೀರು, ಒಳಚರಂಡಿ ಎಲ್ಲ ಮುಗಿದ ಮೇಲೆ ಲೇಔಟ್ ಪಾಲಿಕೆಗೆ ಹಸ್ತಾಂತರವಾಗುತ್ತದೆ. ಈ ಮಧ್ಯದ ಕಾಲ ಇದೆಯಲ್ಲ, ಅಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ಪಾಲಿಕೆಗೆ ಹೋದರೆ "ಇನ್ನೂ ನಮಗೆ ಹ್ಯಾಂಡ್‌ಓವರ್ ಆಗಿಲ್ಲ" ಅಂದರು. ಪ್ರಾಧಿಕಾರಕ್ಕೆ ಹೋದರೆ "ಚರಂಡಿ ಪಾಲಿಕೆದು, ಅಲ್ಲೇ ಕೇಳಿ" ಅಂದರು. ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ನಿಜ ಇದೆ. ಹಾಗಾಗಿ ಒಂದೇ ಪತ್ರವನ್ನು ಇಬ್ಬರಿಗೂ ಬರೆದೆವು. ಒಬ್ಬರಿಗೆ ಕೊಟ್ಟ ಪ್ರತಿ ಇನ್ನೊಬ್ಬರಿಗೂ ಹೋಗಿದೆ ಅಂತ ಎರಡರಲ್ಲೂ ಕಾಣುವ ಹಾಗೆ ಹಾಕಿ, ನಕ್ಷೆ, ಪೈಪಿನ ಫೋಟೊ, ಗ್ರಾಮ ನಕಾಶೆ ಲಗತ್ತಿಸಿ, ಜಂಟಿ ಸ್ಥಳ ಪರಿಶೀಲನೆ ಬೇಕು ಅಂತ ಕೇಳಿದೆವು. ಕೆಳಗೆ ಎರಡೂ ಬೀದಿಯವರ ಸಹಿ.

ಜೊತೆಗೆ ಒಪ್ಪಿಗೆ ಪತ್ರದ ಷರತ್ತುಗಳ ಪ್ರತಿ ಕೇಳಿ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನ ಅರ್ಜಿ. ಅರ್ಜಿ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ಇದೆ. ಅದಕ್ಕೇ ಕಥೆ ಬರೆಯಬಾರದು. "ಇಂಥ ಸರ್ವೆ ನಂಬರಿನ ಲೇಔಟಿಗೆ ನೀಡಿದ ಅನುಮೋದನೆ ಪತ್ರ, ಷರತ್ತುಗಳು, ಈವರೆಗೆ ಬಿಡುಗಡೆ ಮಾಡಿದ ನಿವೇಶನಗಳ ಆದೇಶ" ಅಂತ ಇಷ್ಟೇ ಬರೆದೆ. ಪ್ರತಿ ಬಂತು. ಮಳೆನೀರನ್ನು ಸ್ವಂತ ಖರ್ಚಿನಲ್ಲಿ ಹಳ್ಳಕ್ಕೆ ಸೇರಿಸಬೇಕು ಅನ್ನುವ ಷರತ್ತು ಅದರಲ್ಲೇ ಇತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸೈಟುಗಳನ್ನು ಒಂದೇ ಸಲಕ್ಕೆ ಬಿಡುಗಡೆ ಮಾಡಿರಲಿಲ್ಲ. ಕೆಲಸ ನಡೆದಂತೆ ಹಂತ ಹಂತವಾಗಿ ಬಿಡುವುದು ಕ್ರಮ. ಕೊನೆಯ ಹಂತ ಬಾಕಿ ಇತ್ತು. ಬಿಲ್ಡರ್ ಅದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು.

ಜಂಟಿ ಪರಿಶೀಲನೆಗೆ ಎರಡೂ ಕಡೆಯ ಎಂಜಿನಿಯರುಗಳು ಬಂದದ್ದು ತಡವಾಗಿ, ಆದರೆ ಬಂದರು. ಮಹಜರು ಬರೆಯುವಾಗ ನಾವು ಪಕ್ಕದಲ್ಲೇ ನಿಂತೆವು. ಮೊದಲ ಕರಡಿನಲ್ಲಿ "ಚರಂಡಿಯಲ್ಲಿ ಹೂಳು ತುಂಬಿದ್ದರಿಂದ ನೀರು ಉಕ್ಕಿದೆ" ಅಂತ ಬರೆಯಲು ಹೊರಟಿದ್ದರು. ಹೂಳೂ ಇತ್ತು, ಸುಳ್ಳಲ್ಲ. "ಸರ್, ಪೈಪನ್ನೂ ಬರೆಯಿರಿ. ನಕ್ಷೆಯಲ್ಲಿ ಅದು ಇಲ್ಲ ಅನ್ನೋದನ್ನೂ ಬರೆಯಿರಿ" ಅಂತ ಲೇಔಟಿನ ನಿವೃತ್ತ ಮೇಷ್ಟ್ರು ಮೆಲ್ಲಗೆ, ಆದರೆ ಬಿಡದೆ ಹೇಳಿದರು. ಬರೆದರು. ನಮ್ಮಲ್ಲಿ ನಾಲ್ವರು ಸಹಿ ಹಾಕಿದೆವು. ಚರಂಡಿ ಕೆಲಸ ಮುಗಿಯುವ ತನಕ ಉಳಿದ ಸೈಟು ಬಿಡುಗಡೆ ಇಲ್ಲ ಅಂತ ಪ್ರಾಧಿಕಾರದಿಂದ ಬಿಲ್ಡರ್‌ಗೆ ಪತ್ರ ಹೋಯಿತು. ಅಷ್ಟು ದಿನ ಫೋನ್ ಎತ್ತದಿದ್ದವರು ಆ ಪತ್ರ ಹೋದ ವಾರವೇ ಪಕ್ಕದ ಜಮೀನಿನವರ ಜೊತೆ ಮಾತಿಗೆ ಕೂತರು.

ಇನ್ನು ನಮ್ಮ ರಸ್ತೆಯ ಮೇಲ್ಭಾಗ. ಅಲ್ಲಿ ಅಗೆಯದೇ ಹಾಕಿದ್ದಕ್ಕೆ ದುಡ್ಡು ಹೋಯಿತಾ ಅನ್ನೋದು ಎಂ.ಬಿ. ನೋಡಿದರೆ ತಿಳಿಯುತ್ತದೆ. ಎಂ.ಬಿ. ಅಂದರೆ ಅಳತೆ ಪುಸ್ತಕ. ಆದ ಕೆಲಸವನ್ನು ಜೆಇ ಅಳೆದು ಅದರಲ್ಲಿ ಬರೆಯುತ್ತಾರೆ, ಎಇಇ ಪರೀಕ್ಷಿಸಿ ಸಹಿ ಮಾಡುತ್ತಾರೆ, ಅದರ ಮೇಲೆ ಬಿಲ್ ಆಗುತ್ತದೆ. ಅದಕ್ಕೆ ಹಾಕಿದ ಮಾಹಿತಿ ಹಕ್ಕಿನ ಅರ್ಜಿಗೆ, ಅಂತಿಮ ಬಿಲ್ ಆಗಿಲ್ಲದ್ದರಿಂದ ಕೊಡಲು ಬರುವುದಿಲ್ಲ ಅಂತ ಉತ್ತರ ಬಂತು. ಕಾಯ್ದೆಯಲ್ಲಿ ಅಂಥ ಕಾರಣ ಇಲ್ಲ. ಮೊದಲ ಮೇಲ್ಮನವಿ ಹಾಕಿದೆ. ಉತ್ತರ ಬಂದ 30 ದಿನದೊಳಗೆ ಹಾಕಬೇಕು, ಮೇಲಿನ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಬಿಲ್ ಆಗುವ ಮೊದಲೇ ನೋಡಬೇಕು ಅನ್ನೋದೇ ನನ್ನ ವಾದ ಆಗಿತ್ತು. ಆದ ಮೇಲೆ ನೋಡಿದರೆ ದುಡ್ಡು ವಾಪಸ್ ತರುವವರು ಯಾರು? ಪ್ರತಿ ಕೊಡಿ, ಕಾಮಗಾರಿಯನ್ನೂ ಪರಿಶೀಲಿಸಲು ಬಿಡಿ ಅಂತ ಆದೇಶವಾಯಿತು. ಕಾಮಗಾರಿ ಪರಿಶೀಲನೆಯೂ 2005ರ ಮಾಹಿತಿ ಹಕ್ಕು ಕಾಯ್ದೆ ಕೊಟ್ಟ ಹಕ್ಕೇ, ಬಹಳ ಜನಕ್ಕೆ ಗೊತ್ತಿಲ್ಲ.

ಎಂ.ಬಿ.ಯಲ್ಲಿ ಅಗೆತ 180, 5, 0.30. ಪೂರ್ತಿ ಉದ್ದಕ್ಕೆ. ಜಿಎಸ್‌ಬಿಯೂ ಪೂರ್ತಿ ಉದ್ದಕ್ಕೆ. ನಾನು ಆ ಪುಟವನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಟೈಲರ್ ಅಂಗಡಿ ಮುಂದೆ ಮುಟ್ಟದೇ ಬಿಟ್ಟ ಡಾಂಬರು ಆ ಕಾಗದದಲ್ಲಿ ಲಾರಿ ಹತ್ತಿ ಆಚೆ ಹೋಗಿಬಿಟ್ಟಿತ್ತು.

ಆಯುಕ್ತರಿಗೆ ಬರೆದೆವು, ಫೋಟೊ ಸಮೇತ. ಗುಣಮಟ್ಟ ಪರೀಕ್ಷೆಯವರು ಕೋರ್ ಕಟಿಂಗ್ ಯಂತ್ರ ತಂದರು. ಕಾಂಕ್ರೀಟಿನಲ್ಲಿ ಗುಂಡಗೆ ತೂತು ಕೊರೆದು ಒಳಗಿನ ತುಂಡನ್ನು ಉದ್ದಕ್ಕೆ ಹೊರಗೆ ತೆಗೆಯುವ ಯಂತ್ರ. ಮೊದಲ ತುಂಡನ್ನು ಟೈಲರ್ ಅಂಗಡಿ ಮುಂದೆಯೇ ತೆಗೆದರು. ಮೇಲೆ ಬೂದು ಕಾಂಕ್ರೀಟ್, ಐದಿಂಚು. ಅದರ ಬುಡಕ್ಕೆ ಅಂಟಿಕೊಂಡು ಕಪ್ಪು ಡಾಂಬರು. ಜಲ್ಲಿಯ ಪದರ ಇಲ್ಲವೇ ಇಲ್ಲ. ಟೈಲರ್ ಅಣ್ಣ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಕೆಳಭಾಗದಲ್ಲಿ ತೆಗೆದ ತುಂಡು ಆರಿಂಚು ಇತ್ತು, ಕೆಳಗೆ ಜಲ್ಲಿ ಕಾಣಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೊ ತೆಗೆದರು. ಜೆಇ ಹುಡುಗ ಪಕ್ಕದಲ್ಲೇ ನಿಂತಿದ್ದ, ತಲೆ ಎತ್ತಲಿಲ್ಲ. ಅವನೊಬ್ಬನ ಮೇಲೆ ಎಲ್ಲ ಹಾಕಿ ಮುಗಿಸುವುದು ನನಗೆ ಇಷ್ಟವಿಲ್ಲ. ಮೂರು ವಾರ್ಡನ್ನು ಒಬ್ಬನ ಕೈಗೆ ಕೊಟ್ಟು, ಅಳತೆ ನೋಡಲು ಹೊತ್ತೇ ಕೊಡದೆ, ಬಿಲ್ ಮಾತ್ರ ಬೇಗ ಬೇಕು ಅನ್ನುವ ವ್ಯವಸ್ಥೆ ಅದು.

ಮೇಲ್ಭಾಗದ ಅಗೆತ, ಜಿಎಸ್‌ಬಿ ಎರಡರ ಮೊತ್ತವನ್ನೂ ಅಂತಿಮ ಬಿಲ್ಲಿನಲ್ಲಿ ಕಡಿತ ಮಾಡಿದ್ದಾರೆ. ಕಾಂಕ್ರೀಟ್ ಕಿತ್ತು ಮತ್ತೆ ಹಾಕಿ ಅಂತ ನಾವು ಕೇಳಿದೆವು. ಅದು ಆಗಲಿಲ್ಲ. ಟೈಲರ್ ಅಂಗಡಿಗೂ ಪಕ್ಕದ ಮನೆಗಳಿಗೂ ಮುಂದೆ ಕಬ್ಬಿಣದ ಜಾಲರಿ ಹಾಕಿದ ಅಡ್ಡ ಚರಂಡಿ ಮಾಡಿಕೊಟ್ಟಿದ್ದಾರೆ. ನೀರು ಒಳಗೆ ಬರುವುದು ನಿಂತಿದೆ. ಆದರೂ ರಸ್ತೆಯಿಂದ ಅಂಗಡಿಗೆ ಕೆಳಗೆ ಇಳಿಯಬೇಕು. ವಯಸ್ಸಾದವರು ಬಟ್ಟೆ ಕೊಡಲು ಬಂದರೆ ಅವನೇ ಮೇಲೆ ಬಂದು ಇಸಿದುಕೊಳ್ಳುತ್ತಾನೆ. ಇದು ನನಗೆ ಸಮಾಧಾನ ತಂದಿಲ್ಲ. ಕಾಗದ ಒಂದೆರಡು ದಿನ ಮೊದಲು ಕೈಗೆ ಸಿಕ್ಕಿದ್ದರೆ ಅವನ ಬಾಗಿಲೂ ಉಳಿಯುತ್ತಿತ್ತು. ಎಸ್ಟಿಮೇಟನ್ನು ಕೆಲಸ ಶುರುವಾಗುವ ಮೊದಲೇ ಬೀದಿಯಲ್ಲಿ ಅಂಟಿಸಿ ಅಂತ ಪಾಲಿಕೆಗೆ ಬರೆದಿದ್ದೇವೆ. ಬೋರ್ಡ್ ಜೊತೆಗೆ ಇನ್ನೆರಡು ಹಾಳೆ, ಅಷ್ಟೇ.

ಪೂರ್ವದ ಚರಂಡಿ ಈಗ ಹಳ್ಳದವರೆಗೆ ಮುಟ್ಟಿದೆ. ನಮ್ಮ ಕಡೆಯ ಹ್ಯೂಮ್ ಪೈಪಿನ ಬಾಯಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ನಕ್ಷೆ ನೋಡುವಾಗ ಲೇಔಟಿನವರು ಇನ್ನೊಂದನ್ನೂ ಗಮನಿಸಿದರು. ಪಾರ್ಕಿಗೆ ಬಿಟ್ಟ ಜಾಗದ ಒಂದು ಮೂಲೆಯಲ್ಲಿ ಬಿಲ್ಡರ್ ಆಫೀಸಿನ ಶೆಡ್ ಇದೆ. ಪಾರ್ಕನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರದ ಪ್ರತಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಮೇಷ್ಟ್ರು ತಂದಿದ್ದಾರೆ. ಶೆಡ್ ತೆರವಾಗದೆ ಕೊನೆಯ ಹಂತದ ಬಿಡುಗಡೆ ಆಗಬಾರದು ಅಂತ ಪ್ರಾಧಿಕಾರಕ್ಕೆ ಕೊಟ್ಟ ಪತ್ರಕ್ಕೆ ಸೀಲು ಬಿದ್ದಿದೆ, ಉತ್ತರ ಬರಬೇಕು.